ಕಾಲಂ ಒಂದೇ, ಪಹಣಿ ಬೇರೆ ಬೇರೆ

ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ತುಮಕೂರು, ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಆರು ಪತ್ರಗಳು ಒಂದೇ ವಿಷಯದ ಸುತ್ತ ಇದ್ದುದರಿಂದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ನೆಟ್‌ವರ್ಕ್ ಸಂಪರ್ಕಗಳನ್ನು ಗೂಢಲಿಪಿಯಿಂದ ಭದ್ರಪಡಿಸುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯನ್ನು ಸಿ ಭಾಷೆಯಲ್ಲಿ ಬಳಸುವವರು ಆ ಲೈಬ್ರರಿಯ ಆಬ್ಜೆಕ್ಟ್‌ಗಳಿಗೆ ತಮ್ಮ ಪ್ರೋಗ್ರಾಂನ ಮಾಹಿತಿಯನ್ನು ಲಗತ್ತಿಸುವುದು ಹೇಗೆ, ಲಗತ್ತಿಸಿದ ಮೇಲೆ ಅದರ ಹೊಣೆ ಯಾರದು ಎಂಬುದೇ ಆ ವಿಷಯ. ಫಂಕ್ಷನ್‌ಗಳ ಹೆಸರನ್ನು ಕನ್ನಡ ಲಿಪಿಯಲ್ಲಿ, ಅಡಿಗೆರೆಗಳನ್ನು ಹಾಗೆಯೇ ಉಳಿಸಿ ಕೊಟ್ಟಿದ್ದೇನೆ.

ಪ್ರಶ್ನೆ: ಹಳ್ಳಿಗಳ ಹಾಲಿನ ಡೇರಿಗಳಲ್ಲಿರುವ ಅಳತೆ ಯಂತ್ರಗಳು ಬೆಳಿಗ್ಗೆ ಮತ್ತು ಸಂಜೆ ಕಳುಹಿಸುವ ಲೀಟರು ಮತ್ತು ಫ್ಯಾಟ್ ಲೆಕ್ಕವನ್ನು ಪಡೆಯುವ ಸರ್ವರ್ ಒಂದನ್ನು ನಾವು ಮೂವರು ಸೇರಿ ಸಿ ಭಾಷೆಯಲ್ಲಿ ಬರೆಯುತ್ತಿದ್ದೇವೆ. ಪ್ರತಿ ಯಂತ್ರಕ್ಕೂ ಅದರದೇ ಸರ್ಟಿಫಿಕೇಟ್ ಇದೆ. ಸರ್ಟಿಫಿಕೇಟ್ ಪರಿಶೀಲಿಸುವ ಕಾಲ್‌ಬ್ಯಾಕ್‌ನ (ನಾವು ಬರೆದು ಕೊಟ್ಟು, ಲೈಬ್ರರಿ ತಾನೇ ಕರೆಯುವ ಫಂಕ್ಷನ್) ಒಳಗೆ, ಇದು ಯಾವ ಸಂಪರ್ಕ, ಯಾವ ವಿಳಾಸದಿಂದ ಬಂದದ್ದು ಎಂದು ತಿಳಿಯಲು ಈಗ ಒಂದು ಗ್ಲೋಬಲ್ ವೇರಿಯಬಲ್ ಇಟ್ಟುಕೊಂಡಿದ್ದೇವೆ. ಎರಡು ಯಂತ್ರಗಳು ಒಟ್ಟಿಗೆ ಬಂದರೆ ಲಾಗ್‌ನಲ್ಲಿ ಒಂದರ ವಿಳಾಸ ಇನ್ನೊಂದರ ಹೆಸರಿನಲ್ಲಿ ಬೀಳುತ್ತದೆ. ಸರಿಯಾದ ದಾರಿ ಯಾವುದು? (ಓದುಗರು, ಶಿಡ್ಲಘಟ್ಟ)

ಉತ್ತರ: ನಿಮ್ಮ ತೊಂದರೆಯ ಮೂಲ ಆ ಕಾಲ್‌ಬ್ಯಾಕ್‌ನ ರಚನೆಯಲ್ಲೇ ಇದೆ. ಅದಕ್ಕೆ ಲೈಬ್ರರಿ ಕೊಡುವುದು ಎರಡೇ ಸಂಗತಿ: ಈವರೆಗಿನ ಪರಿಶೀಲನೆ ಸರಿಹೋಯಿತೇ ಎಂಬ ಒಂದು ಸಂಖ್ಯೆ, ಮತ್ತು ಎಕ್ಸ್509_ಸ್ಟೋರ್_ಸಿಟಿಎಕ್ಸ್ ಎಂಬ ಪರಿಶೀಲನಾ ಆಬ್ಜೆಕ್ಟ್‌ನ ಪಾಯಿಂಟರ್. ಡೇರಿಯ ಹೆಸರಾಗಲಿ ಯಂತ್ರದ ವಿಳಾಸವಾಗಲಿ ಲೈಬ್ರರಿಗೆ ಗೊತ್ತಿಲ್ಲ, ಗೊತ್ತಿರಬೇಕಾದ ಕಾರಣವೂ ಇಲ್ಲ. 2016ರ ಆಗಸ್ಟ್‌ನಲ್ಲಿ ಬಂದ 1.1.0 ಆವೃತ್ತಿಯಿಂದ ಈಚೆಗೆ ಎಸ್‌ಎಸ್‌ಎಲ್ (ಒಂದು ಸಂಪರ್ಕದ್ದು), ಎಸ್‌ಎಸ್‌ಎಲ್_ಸಿಟಿಎಕ್ಸ್ (ಹಲವು ಸಂಪರ್ಕಗಳಿಗೆ ಸಾಮಾನ್ಯವಾದ ಹೊಂದಿಕೆಗಳದು) ಮೊದಲಾದ ಸ್ಟ್ರಕ್ಚರ್‌ಗಳ ಒಳಭಾಗ ಹೊರಗಿನವರಿಗೆ ಮುಚ್ಚಿದೆಯಾದ್ದರಿಂದ ಅವುಗಳ ಒಳಗಿನ ಫೀಲ್ಡ್‌ಗೆ ನೇರವಾಗಿ ಕೈಹಾಕುವಂತೆಯೂ ಇಲ್ಲ. ಆದರೆ ಈ ಅಗತ್ಯವನ್ನು ಮೊದಲೇ ಅರಿತು, ಪ್ರತಿಯೊಂದು ಮುಖ್ಯ ಆಬ್ಜೆಕ್ಟ್‌ನಲ್ಲೂ ಬಳಕೆದಾರರ ಪಾಯಿಂಟರ್‌ಗಳಿಗೆಂದು ಒಂದು ಜಾಗವನ್ನು ಬಿಟ್ಟಿದ್ದಾರೆ. ಅದಕ್ಕೆ ಎಕ್ಸ್ ಡೇಟಾ ಎಂದು ಹೆಸರು. ನಾನು ಹೆಚ್ಚುವರಿ ಮಾಹಿತಿ ಎಂದೂ ಕರೆಯುತ್ತೇನೆ.

ಅದರ ಏರ್ಪಾಡನ್ನು ಪಹಣಿಯನ್ನು ನೋಡಿದವರಿಗೆ ವಿವರಿಸುವುದು ಸುಲಭ. ಪಹಣಿಯ 9ನೇ ಕಾಲಂ ಎಂದರೆ ಸ್ವಾಧೀನದಾರರ ಹೆಸರು, 11ನೇ ಕಾಲಂ ಎಂದರೆ ಇತರೆ ಹಕ್ಕು ಮತ್ತು ಋಣಗಳು. ಈ ಸಂಖ್ಯೆಗಳು ನಮೂನೆ ರಚಿಸಿದಾಗಲೇ ಎಲ್ಲ ಊರುಗಳಿಗೂ ಸೇರಿಸಿ ಒಮ್ಮೆ ನಿಗದಿಯಾದವು; ಆ ಕಾಲಂನಲ್ಲಿ ಏನು ಬರೆದಿದೆ ಎಂಬುದು ಮಾತ್ರ ಸರ್ವೆ ನಂಬರಿನಿಂದ ಸರ್ವೆ ನಂಬರಿಗೆ ಬೇರೆ. ಲೈಬ್ರರಿಯಲ್ಲಿ ಇಂಡೆಕ್ಸ್ ಎಂಬುದು ಆ ಕಾಲಂ ಸಂಖ್ಯೆ. ಪ್ರತಿ ಸಂಪರ್ಕದ ಎಸ್‌ಎಸ್‌ಎಲ್ ಆಬ್ಜೆಕ್ಟ್ ಒಂದೊಂದು ಪಹಣಿ. ನೀವು ಅಲ್ಲಿ ಇಡುವ ಪಾಯಿಂಟರ್ ಆ ಪಹಣಿಯ ಆ ಕಾಲಂನಲ್ಲಿನ ನಮೂದು. ಈ ಮೂರನ್ನು ಬೇರೆ ಬೇರೆಯಾಗಿ ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನ ಪ್ರಶ್ನೆಗಳಲ್ಲಿ ಬರುವ ತಪ್ಪುಗಳಲ್ಲಿ ಹೆಚ್ಚಿನವು ನಿಮ್ಮ ಹತ್ತಿರ ಸುಳಿಯುವುದಿಲ್ಲ.

ಈಗ ಕೆಲಸದ ಕ್ರಮ. ಪ್ರೋಗ್ರಾಂ ಶುರುವಾಗುವಾಗ, ಯಾವ ಥ್ರೆಡ್ಡೂ ಹುಟ್ಟುವ ಮೊದಲು, ಎಸ್‌ಎಸ್‌ಎಲ್_ಗೆಟ್_ಎಕ್ಸ್_ನ್ಯೂ_ಇಂಡೆಕ್ಸ್ ಎಂಬ ಫಂಕ್ಷನ್ನನ್ನು ಒಂದೇ ಒಂದು ಸಲ ಕರೆದು, ಬಂದ ಸಂಖ್ಯೆಯನ್ನು ಒಂದು ಸ್ಟ್ಯಾಟಿಕ್ ವೇರಿಯಬಲ್‌ನಲ್ಲಿ ಇಡಿ. ಆ ವೇರಿಯಬಲ್‌ನ ಆರಂಭದ ಬೆಲೆ -1 ಇರಲಿ, ಏಕೆಂದರೆ ವಿಫಲವಾದರೆ ಆ ಫಂಕ್ಷನ್ ಕೊಡುವುದೂ -1. ಹೊಸ ಸಂಪರ್ಕ ಬಂದಾಗ ಎಸ್‌ಎಸ್‌ಎಲ್_ನ್ಯೂ ಕರೆದ ಮೇಲೆ, ಎಸ್‌ಎಸ್‌ಎಲ್_ಆಕ್ಸೆಪ್ಟ್ ಕರೆಯುವ ಮುನ್ನ, ನಿಮ್ಮ ಸಂಪರ್ಕದ ಸ್ಟ್ರಕ್ಚರ್‌ನ ಪಾಯಿಂಟರ್ ಅನ್ನು ಎಸ್‌ಎಸ್‌ಎಲ್_ಸೆಟ್_ಎಕ್ಸ್_ಡೇಟಾ ಮೂಲಕ ಆ ಇಂಡೆಕ್ಸ್‌ನಲ್ಲಿ ಇಡಿ. ಈ ಅನುಕ್ರಮ ಮುಖ್ಯ: ಪರಿಶೀಲನೆಯ ಕಾಲ್‌ಬ್ಯಾಕ್ ನಡೆಯುವುದು ಹ್ಯಾಂಡ್‌ಶೇಕ್‌ನ, ಅಂದರೆ ಸಂಪರ್ಕದ ಆರಂಭದ ಮಾತುಕತೆಯ ಒಳಗೇ, ಆದ್ದರಿಂದ ಆಕ್ಸೆಪ್ಟ್ ಮುಗಿದ ಮೇಲೆ ಇಟ್ಟ ಪಾಯಿಂಟರ್ ಅದಕ್ಕೆ ಸಿಗುವುದಿಲ್ಲ. ಇಡುವ ಫಂಕ್ಷನ್ ಯಶಸ್ವಿಯಾದರೆ 1, ಇಲ್ಲವಾದರೆ 0 ಕೊಡುತ್ತದೆ. ಇದನ್ನು ಪರೀಕ್ಷಿಸದೆ ಮುಂದೆ ಹೋಗುವ ಕೋಡನ್ನು ನಾನು ಬಹಳ ನೋಡಿದ್ದೇನೆ, ದಯವಿಟ್ಟು ಪರೀಕ್ಷಿಸಿ.

ಕಾಲ್‌ಬ್ಯಾಕ್‌ನ ಒಳಗೆ ಎರಡು ಮೆಟ್ಟಿಲು ಹತ್ತಬೇಕು. ನಿಮ್ಮ ಕೈಯಲ್ಲಿರುವುದು ಪರಿಶೀಲನಾ ಆಬ್ಜೆಕ್ಟ್. ಬೇಕಾಗಿರುವುದು ಸಂಪರ್ಕದ ಎಸ್‌ಎಸ್‌ಎಲ್ ಆಬ್ಜೆಕ್ಟ್. ಇಲ್ಲಿ ಲೈಬ್ರರಿ ತನ್ನ ಏರ್ಪಾಡನ್ನು ತಾನೇ ಬಳಸಿಕೊಂಡಿದೆ: ಪರಿಶೀಲನೆ ಶುರು ಮಾಡುವಾಗ ಅದು ಎಸ್‌ಎಸ್‌ಎಲ್ ಪಾಯಿಂಟರ್ ಅನ್ನು ಪರಿಶೀಲನಾ ಆಬ್ಜೆಕ್ಟ್‌ನ ಹೆಚ್ಚುವರಿ ಮಾಹಿತಿಯಲ್ಲಿ ತನ್ನದೇ ಒಂದು ಇಂಡೆಕ್ಸ್‌ನಲ್ಲಿ ಇಟ್ಟಿರುತ್ತದೆ. ಎಸ್‌ಎಸ್‌ಎಲ್_ಗೆಟ್_ಎಕ್ಸ್_ಡೇಟಾ_ಎಕ್ಸ್509_ಸ್ಟೋರ್_ಸಿಟಿಎಕ್ಸ್_ಐಡಿಎಕ್ಸ್ ಎಂಬ ಉದ್ದ ಹೆಸರಿನ ಫಂಕ್ಷನ್ ಆ ಇಂಡೆಕ್ಸ್ ಯಾವುದೆಂದು ಹೇಳುತ್ತದೆ. ಅದನ್ನು ಎಕ್ಸ್509_ಸ್ಟೋರ್_ಸಿಟಿಎಕ್ಸ್_ಗೆಟ್_ಎಕ್ಸ್_ಡೇಟಾಗೆ ಕೊಟ್ಟರೆ ಎಸ್‌ಎಸ್‌ಎಲ್ ಪಾಯಿಂಟರ್ ಸಿಗುತ್ತದೆ. ಆ ಎಸ್‌ಎಸ್‌ಎಲ್‌ನಿಂದ ನಿಮ್ಮ ಸ್ವಂತ ಇಂಡೆಕ್ಸ್ ಬಳಸಿ ನಿಮ್ಮ ಸ್ಟ್ರಕ್ಚರ್ ಅನ್ನು ತೆಗೆದುಕೊಳ್ಳಬಹುದು. ಸರಪಳಿಯಲ್ಲಿರುವ ಪ್ರತಿ ಸರ್ಟಿಫಿಕೇಟ್‌ಗೂ ಈ ಕಾಲ್‌ಬ್ಯಾಕ್ ನಡೆಯುತ್ತದೆ ಎಂಬುದನ್ನು ನೆನಪಿಟ್ಟುಕೊಂಡು, ಒಂದು ಸಂಪರ್ಕಕ್ಕೆ ಒಂದೇ ಸಾಲು ಲಾಗ್ ಬೇಕಿದ್ದರೆ ಆಳವನ್ನು, ಅಂದರೆ ಸರಪಳಿಯಲ್ಲಿ ಆ ಸರ್ಟಿಫಿಕೇಟ್ ಎಷ್ಟನೆಯದೆಂಬುದನ್ನು ನೋಡಿ ಬರೆಯಿರಿ. ಕೊನೆಯಲ್ಲಿ ಮೊದಲ ಆರ್ಗ್ಯುಮೆಂಟ್ ಆಗಿ ಬಂದ ಸಂಖ್ಯೆಯನ್ನೇ ಹಿಂದಿರುಗಿಸಿ. ಬರೇ ಲಾಗ್ ಬರೆಯಲೆಂದು ಇಟ್ಟ ಕಾಲ್‌ಬ್ಯಾಕ್ ಯಾವಾಗಲೂ 1 ಹಿಂದಿರುಗಿಸಿ, ಪರಿಶೀಲನೆಯನ್ನೇ ಇಲ್ಲವಾಗಿಸಿದ ಉದಾಹರಣೆಗಳಿವೆ.

ಪಾಯಿಂಟರ್‌ನ ವಿಳಾಸವನ್ನೇ ಕೀಲಿಯಾಗಿಸಿ ಪ್ರತ್ಯೇಕ ಹ್ಯಾಶ್ ಟೇಬಲ್ ಇಟ್ಟುಕೊಂಡರೆ ಸಾಲದೇ ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ಹಲವು ವರ್ಷಗಳ ಹಿಂದೆ ತುಮಕೂರಿನಲ್ಲಿ ನಾನು ಕೆಲಸ ಮಾಡುತ್ತಿದ್ದ ಕಡೆ ನಾವು ಹಾಗೆಯೇ ಮಾಡಿದ್ದೆವು. ಒಂದು ಸಂಪರ್ಕ ಮುರಿದು ಅದರ ಮೆಮೊರಿ ಬಿಡುಗಡೆಯಾದ ಮೇಲೆ ಮುಂದಿನ ಸಂಪರ್ಕಕ್ಕೆ ಅದೇ ವಿಳಾಸ ಸಿಕ್ಕಿತು. ಟೇಬಲ್‌ನಲ್ಲಿ ಹಳೆಯ ನಮೂದು ಉಳಿದಿತ್ತು. ಒಬ್ಬ ಗ್ರಾಹಕರ ಲೆಕ್ಕ ಇನ್ನೊಬ್ಬರ ಖಾತೆಗೆ ಹೋಯಿತು. ಎಲ್ಲಿಯೂ ಪ್ರೋಗ್ರಾಂ ಕುಸಿಯಲಿಲ್ಲವಾದ್ದರಿಂದ ತಿಂಗಳ ಕೊನೆಯಲ್ಲಿ ಮೊತ್ತ ಹೊಂದದೆ ಹೋದಾಗಲೇ ನಮಗೆ ತಿಳಿದದ್ದು. ನಿಮ್ಮದು ರೈತರ ಹಾಲಿನ ಹಣದ ಲೆಕ್ಕ. ಮಾಹಿತಿಯು ಆಬ್ಜೆಕ್ಟ್‌ನ ಜೊತೆಗೇ ಹುಟ್ಟಿ ಅದರ ಜೊತೆಗೇ ಹೋಗುವಂತೆ ಮಾಡುವ ಏರ್ಪಾಡು ಇರುವಾಗ ಅದನ್ನು ಬಿಟ್ಟು ಬೇರೆ ದಾರಿಗೆ ಹೋಗಬೇಡಿ.

ಇನ್ನು ಹೊಣೆಯ ಮಾತು. ನೀವು ಇಟ್ಟ ಪಾಯಿಂಟರ್ ಯಾವ ಮೆಮೊರಿಯನ್ನು ತೋರಿಸುತ್ತದೆ, ಅದನ್ನು ಯಾರು ಬಿಡುಗಡೆ ಮಾಡಬೇಕು ಎಂಬುದು ಲೈಬ್ರರಿಗೆ ತಿಳಿಯದು. ಇಂಡೆಕ್ಸ್ ಪಡೆಯುವಾಗ ಹುಟ್ಟಿನ, ನಕಲಿನ ಮತ್ತು ಬಿಡುಗಡೆಯ ಮೂರು ಫಂಕ್ಷನ್‌ಗಳನ್ನು ಕೊಡಲು ಅವಕಾಶವಿದೆ; ಬೇಡವಾದವುಗಳ ಜಾಗದಲ್ಲಿ ನಲ್ ಕೊಡಬಹುದು. ಬಿಡುಗಡೆಯ ಫಂಕ್ಷನ್ ಕೊಟ್ಟರೆ ಮಾತ್ರ, ಎಸ್‌ಎಸ್‌ಎಲ್ ಆಬ್ಜೆಕ್ಟ್‌ನ ಕೊನೆಯ ರೆಫರೆನ್ಸ್ ಹೋದಾಗ ಅದನ್ನು ಕರೆಯಲಾಗುತ್ತದೆ. ನಿಮ್ಮ ವಿನ್ಯಾಸದಲ್ಲಿ ಸಂಪರ್ಕದ ಸ್ಟ್ರಕ್ಚರ್ ಒಳಗೇ ಎಸ್‌ಎಸ್‌ಎಲ್ ಪಾಯಿಂಟರ್ ಇದ್ದು, ಸಂಪರ್ಕ ಮುಚ್ಚುವ ನಿಮ್ಮ ಫಂಕ್ಷನ್ನೇ ಎಸ್‌ಎಸ್‌ಎಲ್_ಫ್ರೀ ಕರೆಯುತ್ತಿದ್ದರೆ, ಒಡೆತನ ನಿಮ್ಮ ಸ್ಟ್ರಕ್ಚರ್‌ನದು. ಆಗ ಮೂರು ಫಂಕ್ಷನ್‌ಗಳಿಗೂ ನಲ್ ಕೊಡುವುದೇ ನನ್ನ ಸಲಹೆ. ಎನ್‌ಜಿನ್‌ಎಕ್ಸ್ ಸರ್ವರ್ ತನ್ನ ಸಂಪರ್ಕಗಳನ್ನು ಎಸ್‌ಎಸ್‌ಎಲ್‌ಗೆ ಲಗತ್ತಿಸುವಾಗ ಹೀಗೆಯೇ ಮಾಡುತ್ತದೆ. ಒಡೆತನ ಎರಡೂ ಕಡೆ ಇರುವಂತೆ ಬರೆದರೆ ಒಂದೋ ಮೆಮೊರಿ ಎರಡು ಸಲ ಬಿಡುಗಡೆಯಾಗುತ್ತದೆ, ಇಲ್ಲವೇ ಇಬ್ಬರೂ ಇನ್ನೊಬ್ಬರು ಮಾಡುತ್ತಾರೆಂದು ಬಿಟ್ಟು ಸೋರುತ್ತದೆ.

ಪ್ರಶ್ನೆ: ಕೊಬ್ಬರಿ ಹರಾಜಿನ ದರಗಳನ್ನು ಅಂಗಡಿಗಳಿಗೆ ಕಳುಹಿಸುವ ನಮ್ಮ ಸರ್ವರ್ ಶುರು ಮಾಡಿದ ದಿನ ಚೆನ್ನಾಗಿಯೇ ಓಡುತ್ತದೆ. ಮೂರು ನಾಲ್ಕು ದಿನ ಕಳೆದರೆ ಮೆಮೊರಿ ಏರುತ್ತದೆ, ಹೊಸ ಸಂಪರ್ಕ ನಿಧಾನವಾಗುತ್ತದೆ. ಪ್ರತಿ ಸಂಪರ್ಕವನ್ನೂ ಸರಿಯಾಗಿಯೇ ಮುಚ್ಚುತ್ತಿದ್ದೇವೆ. ಸಂಪರ್ಕ ಸ್ವೀಕರಿಸುವ ಫಂಕ್ಷನ್‌ನ ಪ್ರತಿಯನ್ನು ಜೊತೆಗೆ ಇಟ್ಟಿದ್ದೇನೆ. (ಓದುಗರು, ತಿಪಟೂರು)

ಉತ್ತರ: ನೀವು ಕಳುಹಿಸಿದ ಪ್ರತಿಯ ಮೂರನೆಯ ಸಾಲಿನಲ್ಲೇ ಕಾರಣವಿದೆ: ಪ್ರತಿ ಸಂಪರ್ಕಕ್ಕೂ ಹೊಸ ಇಂಡೆಕ್ಸ್ ಪಡೆಯುತ್ತಿದ್ದೀರಿ. ಸರ್ವೆ ನಂಬರ್ ಬಂದಷ್ಟೂ ಪಹಣಿ ನಮೂನೆಗೆ ಒಂದೊಂದು ಕಾಲಂ ಸೇರಿಸುತ್ತಾ ಹೋದಂತೆ ಇದು. ಇಂಡೆಕ್ಸ್ ಇಡೀ ಪ್ರೋಸೆಸ್‌ಗೆ ಸೇರಿದ್ದು, ಸಂಪರ್ಕ ಮುಚ್ಚಿದರೆ ಅದು ಹಿಂದಕ್ಕೆ ಬರುವುದಿಲ್ಲ. ಹತ್ತು ಸಾವಿರದ ಒಂದನೆಯ ಸಂಪರ್ಕ ಬರುವ ಹೊತ್ತಿಗೆ ನಿಮ್ಮ ಕೈಯಲ್ಲಿ ಹತ್ತು ಸಾವಿರಕ್ಕೂ ಮೇಲಿನ ಇಂಡೆಕ್ಸ್ ಇರುತ್ತದೆ. ಅಲ್ಲಿ ಒಂದು ಪಾಯಿಂಟರ್ ಇಡಲು ಲೈಬ್ರರಿ ಆ ಒಂದೇ ಆಬ್ಜೆಕ್ಟ್‌ನ ಪಟ್ಟಿಯನ್ನು ಅಲ್ಲಿಯವರೆಗೂ ನಲ್‌ಗಳಿಂದ ತುಂಬಿಸಬೇಕಾಗುತ್ತದೆ. ಆಬ್ಜೆಕ್ಟ್ ಹುಟ್ಟುವಾಗಲೂ ಬಿಡುಗಡೆಯಾಗುವಾಗಲೂ ನೋಂದಾಯಿತ ಇಂಡೆಕ್ಸ್‌ಗಳೆಲ್ಲವನ್ನೂ ಒಂದೊಂದಾಗಿ ಹಾದು ಬರಬೇಕು. ಮೆಮೊರಿ ಏರುವುದೂ ನಿಧಾನವಾಗುವುದೂ ಒಂದೇ ಕಾರಣದಿಂದ.

ಆ ಸಾಲನ್ನು ಮುಖ್ಯ ಫಂಕ್ಷನ್‌ನ ಆರಂಭಕ್ಕೆ ಸಾಗಿಸಿ. ನಿಮ್ಮ ಕೋಡು ಬೇರೊಬ್ಬರ ಪ್ರೋಗ್ರಾಂ ಒಳಗೆ ಸೇರುವ ಲೈಬ್ರರಿಯಾಗಿದ್ದು, ಆರಂಭ ಎಂಬುದು ನಿಮ್ಮ ಕೈಯಲ್ಲಿ ಇಲ್ಲವೆಂದಾದರೆ ಪಿಥ್ರೆಡ್_ಒನ್ಸ್ ಅಥವಾ ಓಪನ್‌ಎಸ್‌ಎಸ್‌ಎಲ್‌ನ ಕ್ರಿಪ್ಟೋ_ಥ್ರೆಡ್_ರನ್_ಒನ್ಸ್ ಬಳಸಿ. ಇಂಡೆಕ್ಸ್ -1 ಆಗಿದ್ದರೆ ಪಡೆದುಕೋ ಎಂದು ಬರೇ ಇಫ್ ಹಾಕಿದರೆ ಎರಡು ಥ್ರೆಡ್‌ಗಳು ಒಟ್ಟಿಗೆ ಒಳಹೊಕ್ಕು ಎರಡು ಇಂಡೆಕ್ಸ್ ಪಡೆದಾವು. ಒಂದು ಥ್ರೆಡ್ ಇಟ್ಟ ಪಾಯಿಂಟರ್ ಅನ್ನು ಇನ್ನೊಂದು ಇಂಡೆಕ್ಸ್‌ನಲ್ಲಿ ಹುಡುಕುವ ಸ್ಥಿತಿ ಬರುತ್ತದೆ. ತೆಗೆಯುವ ಫಂಕ್ಷನ್ ಅಂಥ ಸಂದರ್ಭದಲ್ಲಿ ನಲ್ ಕೊಡುತ್ತದೆಯೇ ಹೊರತು ತಪ್ಪೆಂದು ಹೇಳುವುದಿಲ್ಲ.

ಇದೇ ಸಂದರ್ಭದಲ್ಲಿ ಇನ್ನೊಂದು ಎಚ್ಚರಿಕೆ. ಎಸ್‌ಎಸ್‌ಎಲ್, ಎಸ್‌ಎಸ್‌ಎಲ್_ಸಿಟಿಎಕ್ಸ್, ಎಸ್‌ಎಸ್‌ಎಲ್_ಸೆಷನ್, ಎಕ್ಸ್509 ಹೀಗೆ ಒಂದೊಂದು ಬಗೆಯ ಆಬ್ಜೆಕ್ಟ್‌ಗೂ ಇಂಡೆಕ್ಸ್‌ಗಳ ಸಾಲು ಬೇರೆ ಬೇರೆ. ಎಲ್ಲವೂ ಇಂಟ್ ಆಗಿರುವುದರಿಂದ ಒಂದರ ಇಂಡೆಕ್ಸ್ ಅನ್ನು ಇನ್ನೊಂದಕ್ಕೆ ಕೊಟ್ಟರೂ ಕಂಪೈಲರ್ ಸುಮ್ಮನಿರುತ್ತದೆ, ಮತ್ತು ಎರಡೂ ಸಂಖ್ಯೆಗಳು ಆಕಸ್ಮಿಕವಾಗಿ ಒಂದೇ ಆಗಿದ್ದರೆ ಪ್ರೋಗ್ರಾಂ ತಿಂಗಳುಗಟ್ಟಲೆ ಸರಿಯಾಗಿಯೇ ಓಡುತ್ತದೆ. ವೇರಿಯಬಲ್‌ನ ಹೆಸರಿನಲ್ಲೇ ಅದು ಯಾವ ಬಗೆಯದೆಂದು ಬರೆದುಕೊಳ್ಳುವುದು ಅತಿ ಅಗ್ಗದ ರಕ್ಷಣೆ. ಇನ್ನು, ಓಡುತ್ತಿರುವಾಗಲೇ ತೆಗೆದುಹಾಕುವಂಥ ಪ್ಲಗಿನ್‌ಗಳಲ್ಲಿ ಬಿಡುಗಡೆಯ ಫಂಕ್ಷನ್ ನೋಂದಾಯಿಸಿದ್ದರೆ, ಪ್ಲಗಿನ್ ಹೋಗುವ ಮೊದಲು ಕ್ರಿಪ್ಟೋ_ಫ್ರೀ_ಎಕ್ಸ್_ಇಂಡೆಕ್ಸ್ ಕರೆಯದಿದ್ದರೆ ಲೈಬ್ರರಿ ಇಲ್ಲವಾದ ಕೋಡಿಗೆ ಜಿಗಿಯುತ್ತದೆ. ಆದರೆ ಅದನ್ನು ಕರೆದ ಮೇಲೆ ಆ ಇಂಡೆಕ್ಸ್‌ನಲ್ಲಿ ಉಳಿದಿರುವ ಮೆಮೊರಿಯನ್ನು ಬಿಡುಗಡೆ ಮಾಡುವವರು ಯಾರೂ ಇರುವುದಿಲ್ಲ, ಆದ್ದರಿಂದ ಮೊದಲು ಆಬ್ಜೆಕ್ಟ್‌ಗಳನ್ನು ಖಾಲಿ ಮಾಡಿ.

ಪ್ರಶ್ನೆ: ಟೊಮೆಟೊ ಮಂಡಿಯಲ್ಲಿ ಹರಾಜು ಕೂಗುವವರ ಕೈಯಲ್ಲಿರುವ ಯಂತ್ರಗಳಿಗೆ ನಮ್ಮ ಸರ್ವರ್ ಸೇವೆ ಕೊಡುತ್ತದೆ. ಯಂತ್ರ ಮತ್ತೆ ಮತ್ತೆ ಸಂಪರ್ಕಿಸುವಾಗ ಬೇಗ ಗುರುತು ಸಿಗಲೆಂದು ಎಸ್‌ಎಸ್‌ಎಲ್_ಸೆಷನ್ ಆಬ್ಜೆಕ್ಟ್‌ಗೆ ಮಂಡಿಯ ವಿವರವಿರುವ ಸ್ಟ್ರಕ್ಚರ್ ಲಗತ್ತಿಸಿ, ಬಿಡುಗಡೆಯ ಫಂಕ್ಷನ್ ಕೂಡ ಕೊಟ್ಟಿದ್ದೇವೆ. ಭದ್ರ ಸಂಪರ್ಕದ ಪ್ರೋಟೋಕಾಲ್ ಆದ ಟಿಎಲ್‌ಎಸ್‌ನ 1.2 ಆವೃತ್ತಿ ಇದ್ದಾಗ ಎರಡು ವರ್ಷ ತೊಂದರೆ ಇರಲಿಲ್ಲ. ಟಿಎಲ್‌ಎಸ್ 1.3ಕ್ಕೆ ಬದಲಾದ ಮಾರನೆಯ ದಿನವೇ ಡಬಲ್ ಫ್ರೀ ಎಂದು ಸರ್ವರ್ ಬಿದ್ದಿತು. ನಮ್ಮ ಕೋಡಿನ ಒಂದು ಸಾಲೂ ಬದಲಾಗಿರಲಿಲ್ಲ. (ಓದುಗರು, ಕೋಲಾರ)

ಉತ್ತರ: ಬಂದ ಪತ್ರಗಳಲ್ಲಿ ನನ್ನನ್ನು ಹೆಚ್ಚು ಹೊತ್ತು ಕೂರಿಸಿದ್ದು ನಿಮ್ಮದು. ನಿಮ್ಮ ಕೋಡಿನಲ್ಲಿ ದೋಷ ಮೊದಲಿನಿಂದಲೂ ಇತ್ತು. ಅದು ಹೊರಬೀಳುವ ಸಂದರ್ಭವನ್ನು ಟಿಎಲ್‌ಎಸ್ 1.3 ತಂದಿತು.

ಮೊದಲು ಸಂದರ್ಭ ಏನೆಂದು ನೋಡೋಣ. ಟಿಎಲ್‌ಎಸ್ 1.3ರಲ್ಲಿ ಹ್ಯಾಂಡ್‌ಶೇಕ್ ಮುಗಿದ ಮೇಲೆ ಸರ್ವರ್ ಸೆಷನ್ ಟಿಕೆಟ್‌ಗಳನ್ನು (ಮರುಸಂಪರ್ಕಕ್ಕೆ ಬೇಕಾದ ಚೀಟಿಗಳನ್ನು) ಕಳುಹಿಸುತ್ತದೆ, ಮತ್ತು ಆ ಪ್ರೋಟೋಕಾಲ್ ಅನ್ನು ಮೊದಲ ಸಲ ಒಳಗೊಂಡ ಓಪನ್‌ಎಸ್‌ಎಸ್‌ಎಲ್ 1.1.1ರಿಂದ ಮುಂದಕ್ಕೆ, ನೀವು ಬೇರೆ ಹೇಳದಿದ್ದರೆ ಪೂರ್ಣ ಹ್ಯಾಂಡ್‌ಶೇಕ್‌ಗೆ ಎರಡು ಟಿಕೆಟ್ ಹೋಗುತ್ತವೆ. ಒಂದು ಟಿಕೆಟ್ ಹೋದ ಮೇಲೆ ಆ ಸೆಷನ್ ಆಬ್ಜೆಕ್ಟ್ ಈಗಾಗಲೇ ಕ್ಯಾಶೆಯಲ್ಲಿ ಇರಬಹುದಾದ್ದರಿಂದ ಅದನ್ನು ತಿದ್ದುವುದು ಸಲ್ಲದು. ಹಾಗಾಗಿ ಎರಡನೆಯ ಟಿಕೆಟ್‌ಗೆ ಲೈಬ್ರರಿ ಸೆಷನ್‌ನ ನಕಲು ತೆಗೆದು ಆ ನಕಲನ್ನು ತಿದ್ದುತ್ತದೆ. ನಕಲು ತೆಗೆಯುವಾಗ ಹೆಚ್ಚುವರಿ ಮಾಹಿತಿಯೂ ನಕಲಾಗುತ್ತದೆ. ನೀವು ನಕಲಿನ ಫಂಕ್ಷನ್ ಕೊಟ್ಟಿಲ್ಲವಾದ್ದರಿಂದ ಲೈಬ್ರರಿ ತನಗೆ ತಿಳಿದ ಒಂದೇ ಕೆಲಸ ಮಾಡುತ್ತದೆ: ಪಾಯಿಂಟರ್‌ನ ಬೆಲೆಯನ್ನು ಹಾಗೆಯೇ ಹೊಸ ಆಬ್ಜೆಕ್ಟ್‌ಗೆ ಬರೆಯುತ್ತದೆ. ಈಗ ಎರಡು ಸೆಷನ್‌ಗಳು, ಒಂದೇ ಸ್ಟ್ರಕ್ಚರ್. ಮೊದಲನೆಯದು ಹೋದಾಗ ನಿಮ್ಮ ಬಿಡುಗಡೆಯ ಫಂಕ್ಷನ್ ಅದನ್ನು ಫ್ರೀ ಮಾಡುತ್ತದೆ, ಎರಡನೆಯದು ಹೋದಾಗ ಅದೇ ವಿಳಾಸವನ್ನು ಮತ್ತೊಮ್ಮೆ ಫ್ರೀ ಮಾಡುತ್ತದೆ.

ಜಮೀನು ಪೋಡಿಯಾಗಿ ಒಂದು ಸರ್ವೆ ನಂಬರು ಎರಡು ಹಿಸ್ಸೆಯಾದಾಗ, ಹಳೆಯ ಬ್ಯಾಂಕ್ ಸಾಲದ ನಮೂದು ಎರಡೂ ಪಹಣಿಗಳ 11ನೇ ಕಾಲಂಗೆ ಬಂದಿತು ಎಂದುಕೊಳ್ಳಿ. ನಮೂದು ಎರಡಾಯಿತೇ ಹೊರತು ಸಾಲ ಎರಡಾಗಲಿಲ್ಲ. ನಮೂದನ್ನು ನೋಡಿದವರೆಲ್ಲ ಹೋಗಿ ಸಾಲ ತೀರಿಸಿ ಬಂದರೆ ಹೇಗೋ, ನಿಮ್ಮ ಫಂಕ್ಷನ್ ಮಾಡುತ್ತಿರುವುದೂ ಹಾಗೆ.

ಪರಿಹಾರಕ್ಕೆ ಎರಡು ದಾರಿಗಳಿವೆ. ಸ್ಟ್ರಕ್ಚರ್ ಚಿಕ್ಕದಾಗಿದ್ದರೆ ನಕಲಿನ ಫಂಕ್ಷನ್‌ನಲ್ಲಿ ಹೊಸ ಮೆಮೊರಿ ಪಡೆದು ಪೂರ್ತಿ ಪ್ರತಿ ಮಾಡಿ. ಅದು ದೊಡ್ಡದಾಗಿದ್ದರೆ, ಅಥವಾ ಹಲವರು ಒಂದೇ ಪ್ರತಿಯನ್ನು ನೋಡಬೇಕಾದರೆ, ಸ್ಟ್ರಕ್ಚರ್‌ನಲ್ಲಿ ಒಂದು ರೆಫರೆನ್ಸ್ ಎಣಿಕೆ ಇಟ್ಟು, ನಕಲಿನ ಫಂಕ್ಷನ್ ಅದನ್ನು ಒಂದು ಏರಿಸಲಿ, ಬಿಡುಗಡೆಯ ಫಂಕ್ಷನ್ ಒಂದು ಇಳಿಸಿ ಸೊನ್ನೆಗೆ ಬಂದಾಗ ಮಾತ್ರ ಫ್ರೀ ಮಾಡಲಿ. ಸೆಷನ್‌ಗಳು ಥ್ರೆಡ್‌ಗಳ ನಡುವೆ ಹಂಚಿಹೋಗುವುದರಿಂದ ಆ ಎಣಿಕೆ ಅಟಾಮಿಕ್ ಆಗಿರಲೇಬೇಕು. ನಿಮ್ಮ ಮಂಡಿಯ ವಿವರ ಓಡುತ್ತಿರುವಾಗ ಬದಲಾಗುವುದಿಲ್ಲ ಎಂದು ಬರೆದಿದ್ದೀರಿ. ಹಾಗಿದ್ದರೆ ಎಣಿಕೆಯ ದಾರಿಯೇ ನಿಮಗೆ ಹೊಂದುತ್ತದೆ.

ನಕಲಿನ ಫಂಕ್ಷನ್ ಬರೆಯುವಾಗ ಬಹಳ ಜನ ಎಡವುವ ಜಾಗ ಅದರ ಮೂರನೆಯ ಆರ್ಗ್ಯುಮೆಂಟ್. ಅದು ನಿಮ್ಮ ಸ್ಟ್ರಕ್ಚರ್‌ನ ಪಾಯಿಂಟರ್ ಅಲ್ಲ, ಆ ಪಾಯಿಂಟರ್ ಇರುವ ಜಾಗದ ಪಾಯಿಂಟರ್. ಒಳಗೆ ಬರುವಾಗ ಆ ಜಾಗದಲ್ಲಿ ಮೂಲ ಆಬ್ಜೆಕ್ಟ್‌ನ ಬೆಲೆ ಇರುತ್ತದೆ. ನೀವು ಹೊರಡುವಾಗ ಅಲ್ಲಿ ಏನನ್ನು ಬಿಟ್ಟಿರುತ್ತೀರೋ ಅದು ಹೊಸ ಆಬ್ಜೆಕ್ಟ್‌ಗೆ ಹೋಗುತ್ತದೆ. 2021ರ ಸೆಪ್ಟೆಂಬರ್‌ನಲ್ಲಿ ಬಂದ 3.0 ಆವೃತ್ತಿಯಲ್ಲಿ ಇದನ್ನು ಎರಡು ನಕ್ಷತ್ರದ ವಾಯ್ಡ್ ಪಾಯಿಂಟರ್ ಎಂದೇ ಘೋಷಿಸಿದ್ದಾರೆ, 1.1.1ರಲ್ಲಿ ಒಂದೇ ನಕ್ಷತ್ರವಿದ್ದುದರಿಂದ ಓದುವವರು ಮೋಸಹೋಗುತ್ತಿದ್ದರು, ಆದರೆ ಅರ್ಥ ಅಲ್ಲಿಯೂ ಇದೇ. ಹೊಸ ಪ್ರತಿಯನ್ನು ಗುರಿ ಆಬ್ಜೆಕ್ಟ್‌ಗೆ ನೀವೇ ಬರೆದು ಈ ಜಾಗವನ್ನು ಮುಟ್ಟದೆ ಬಿಟ್ಟರೆ, ಲೈಬ್ರರಿ ಅದರ ಮೇಲೆ ಹಳೆಯ ಬೆಲೆಯನ್ನು ಬರೆದು ನಿಮ್ಮ ಪ್ರತಿಯನ್ನು ಕಳೆದುಬಿಡುತ್ತದೆ. ಯಶಸ್ವಿಯಾದರೆ 1, ಮೆಮೊರಿ ಸಿಗದಿದ್ದರೆ 0 ಹಿಂದಿರುಗಿಸಿ.

ಬಿಡುಗಡೆಯ ಫಂಕ್ಷನ್ ಬಗ್ಗೆಯೂ ಎರಡು ಮಾತು. ಅದು ಆ ಬಗೆಯ ಎಲ್ಲ ಆಬ್ಜೆಕ್ಟ್‌ಗಳಿಗೂ ನಡೆಯುತ್ತದೆ, ನೀವು ಏನನ್ನೂ ಲಗತ್ತಿಸದ ಸೆಷನ್‌ಗಳಿಗೆ ಕೂಡ. ಆಗ ಬರುವ ಪಾಯಿಂಟರ್ ನಲ್ ಆಗಿರುತ್ತದೆ. ಎಣಿಕೆ ಇಳಿಸುವ ಮೊದಲು ನಲ್ ಪರೀಕ್ಷೆ ಇಲ್ಲದಿದ್ದರೆ ಡಬಲ್ ಫ್ರೀ ಹೋಗಿ ಸೆಗ್ಮೆಂಟೇಷನ್ ಫಾಲ್ಟ್ ಬರುತ್ತದೆ. ಅದಕ್ಕೆ ಮೊದಲ ಆರ್ಗ್ಯುಮೆಂಟ್ ಆಗಿ ಬರುವ ಮೂಲ ಆಬ್ಜೆಕ್ಟ್ ಆ ಹೊತ್ತಿಗೆ ಯಾವ ಸ್ಥಿತಿಯಲ್ಲಿದೆ ಎಂಬುದಕ್ಕೆ ಖಾತರಿಯಿಲ್ಲ. ಅದರಿಂದ ಸರ್ಟಿಫಿಕೇಟ್ ತೆಗೆಯುವುದು, ಸೆಷನ್ ಐಡಿ ಓದುವುದು ಮೊದಲಾದವನ್ನು ಅಲ್ಲಿ ಮಾಡಬೇಡಿ. ಲಾಗ್‌ಗೆ ಬೇಕಾದ ವಿವರವನ್ನು ನಿಮ್ಮ ಸ್ಟ್ರಕ್ಚರ್‌ನಲ್ಲೇ ಮೊದಲೇ ಬರೆದಿಟ್ಟುಕೊಳ್ಳಿ.

ಕೊನೆಯದಾಗಿ, ನೀವು ಕೇಳದಿದ್ದರೂ ಹೇಳಲೇಬೇಕಾದದ್ದು: ಹೆಚ್ಚುವರಿ ಮಾಹಿತಿ ಈ ಪ್ರೋಸೆಸ್‌ನ ಮೆಮೊರಿಯಲ್ಲಿ ಮಾತ್ರ ಇರುತ್ತದೆ. ಸೆಷನ್ನನ್ನು ಬೈಟ್‌ಗಳಾಗಿ ಬರೆದು ಹೊರಗಿನ ಕ್ಯಾಶೆಯಲ್ಲಿಟ್ಟರೆ ಅಥವಾ ಅದು ಟಿಕೆಟ್ ರೂಪದಲ್ಲಿ ಯಂತ್ರದ ಕೈಗೆ ಹೋಗಿ ಮರಳಿ ಬಂದರೆ, ನಿಮ್ಮ ಪಾಯಿಂಟರ್ ಅದರ ಜೊತೆ ಬರುವುದಿಲ್ಲ, ಬರಲೂಬಾರದು. ಮಂಡಿಯ ಗುರುತು ಟಿಕೆಟ್‌ನ ಜೊತೆಗೇ ಪಯಣಿಸಬೇಕೆಂದಿದ್ದರೆ ಅದಕ್ಕೆಂದೇ 1.1.1ರಲ್ಲಿ ಬಂದ ಎಸ್‌ಎಸ್‌ಎಲ್_ಸೆಷನ್_ಸೆಟ್1_ಟಿಕೆಟ್_ಆಪ್‌ಡೇಟಾ ಇದೆ. ಅದರಲ್ಲಿ ಪಾಯಿಂಟರ್ ಅಲ್ಲ, ಮಂಡಿಯ ಸಂಖ್ಯೆಯಂಥ ಚಿಕ್ಕ ಬೈಟ್‌ಗಳನ್ನು ಇಡಿ. ತಿದ್ದಿದ ಮೇಲೆ ಮೆಮೊರಿಯ ತಪ್ಪುಗಳನ್ನು ಹಿಡಿಯುವ ಅಡ್ರೆಸ್ ಸ್ಯಾನಿಟೈಜರ್ ಹಾಕಿ ಕಂಪೈಲ್ ಮಾಡಿ, ಒಂದೇ ಯಂತ್ರದಿಂದ ಪೂರ್ಣ ಹ್ಯಾಂಡ್‌ಶೇಕ್ ಒಂದನ್ನೂ ಮರುಸಂಪರ್ಕ ಒಂದನ್ನೂ ಮಾಡಿಸಿ ಸರ್ವರ್ ನಿಲ್ಲಿಸಿ ನೋಡಿ. ದೋಷ ಉಳಿದಿದ್ದರೆ ಅಷ್ಟರಲ್ಲೇ ಸಿಗುತ್ತದೆ.

ಪ್ರಶ್ನೆ: ಇಂಡೆಕ್ಸ್‌ನ ಗೊಡವೆಯೇ ಇಲ್ಲದ ಎಸ್‌ಎಸ್‌ಎಲ್_ಸೆಟ್_ಆಪ್_ಡೇಟಾ ಎಂಬುದು ಇದೆಯಲ್ಲ, ಅದನ್ನೇ ಬಳಸಬಾರದೇಕೆ? (ವಿದ್ಯಾರ್ಥಿನಿ, ಪಾವಗಡ)

ಉತ್ತರ: ಅದು ಬೇರೆ ಏನಲ್ಲಮ್ಮ, 0 ಎಂಬ ಇಂಡೆಕ್ಸ್‌ನಲ್ಲಿ ಇಡುವ ಮ್ಯಾಕ್ರೋ ಅಷ್ಟೆ, ಇತ್ತೀಚಿನ ಆವೃತ್ತಿಗಳಲ್ಲಿ ಆ 0 ಅನ್ನು ಇದಕ್ಕೆಂದೇ ಕಾದಿರಿಸಿ, ಇಂಡೆಕ್ಸ್ ಕೇಳಿದವರಿಗೆ ಅದರ ಮುಂದಿನ ಸಂಖ್ಯೆಗಳನ್ನು ಕೊಡುತ್ತಾರೆ. ಪ್ರೋಗ್ರಾಂ ಪೂರ್ತಿ ನಿಮ್ಮದೇ ಆಗಿ, ಬೇರೆ ಯಾರೂ ಆ ಎಸ್‌ಎಸ್‌ಎಲ್ ಆಬ್ಜೆಕ್ಟ್ ಮುಟ್ಟುವುದಿಲ್ಲವಾದರೆ ಕಾಲೇಜಿನ ಪ್ರಾಜೆಕ್ಟ್‌ಗೆ ಅದು ಸಾಕು. ಆದರೆ ಒಂದೇ ಪ್ರೋಸೆಸ್‌ನಲ್ಲಿ ಇನ್ನೊಂದು ಲೈಬ್ರರಿಯೂ ಅದೇ ಜಾಗವನ್ನು ತನ್ನದೆಂದುಕೊಂಡರೆ ನಂತರ ಬರೆದವರ ಪಾಯಿಂಟರ್ ಉಳಿಯುತ್ತದೆ, ಮತ್ತು ಮೊದಲು ಬರೆದವರು ಅದನ್ನು ತಮ್ಮ ಸ್ಟ್ರಕ್ಚರ್ ಎಂದು ಓದುತ್ತಾರೆ. ಇತರರು ಬಳಸುವ ಕೋಡನ್ನು ಬರೆಯುವ ದಿನ ಬಂದಾಗ ಸ್ವಂತ ಇಂಡೆಕ್ಸ್ ಪಡೆದುಕೊಳ್ಳಿ.

ಪ್ರಶ್ನೆ: ಎಸ್‌ಎಸ್‌ಎಲ್_ಸಿಟಿಎಕ್ಸ್‌ಗೆ ಲಗತ್ತಿಸಿದ ಮಾಹಿತಿ ಅದರಿಂದ ಹುಟ್ಟಿದ ಎಸ್‌ಎಸ್‌ಎಲ್ ಆಬ್ಜೆಕ್ಟ್‌ಗಳಲ್ಲಿ ಏಕೆ ಸಿಗುವುದಿಲ್ಲ? (ಓದುಗರು, ಚಿಂತಾಮಣಿ)

ಉತ್ತರ: ಎಸ್‌ಎಸ್‌ಎಲ್_ನ್ಯೂ ಹೆಚ್ಚುವರಿ ಮಾಹಿತಿಯನ್ನು ತಾಯಿಯಿಂದ ಮಗುವಿಗೆ ಇಳಿಸುವುದಿಲ್ಲ. ಎಸ್‌ಎಸ್‌ಎಲ್_ಗೆಟ್_ಎಸ್‌ಎಸ್‌ಎಲ್_ಸಿಟಿಎಕ್ಸ್ ಮೂಲಕ ಮೇಲಕ್ಕೆ ಹೋಗಿ ಸಿಟಿಎಕ್ಸ್‌ನ ಇಂಡೆಕ್ಸ್ ಬಳಸಿ ತೆಗೆದುಕೊಳ್ಳಿ. ಆದರೆ ಒಂದೇ ಸರ್ವರ್‌ನಲ್ಲಿ ಹಲವು ಹೆಸರುಗಳಿಗೆ ಸೇವೆ ಕೊಡುತ್ತಾ, ಗ್ರಾಹಕ ಕೇಳಿದ ಹೆಸರನ್ನು ನೋಡಿ ಎಸ್‌ಎಸ್‌ಎಲ್_ಸೆಟ್_ಎಸ್‌ಎಸ್‌ಎಲ್_ಸಿಟಿಎಕ್ಸ್ ಕರೆಯುವವರಾದರೆ, ಆ ಕ್ಷಣದಿಂದ ಮೇಲಕ್ಕೆ ಹೋದಾಗ ಸಿಗುವುದು ಹೊಸ ಸಿಟಿಎಕ್ಸ್. ಹೊಸದಕ್ಕೆ ಮಾಹಿತಿ ಲಗತ್ತಿಸುವುದನ್ನು ಮರೆತಿದ್ದರೆ ನಲ್ ಬರುತ್ತದೆ. ನಿಮ್ಮ ಪತ್ರದಲ್ಲಿ ಎರಡನೆಯ ಹೆಸರಿಗೆ ಮಾತ್ರ ಸರ್ವರ್ ಬೀಳುತ್ತದೆ ಎಂದು ಬರೆದಿರುವುದರಿಂದ ನಿಮ್ಮ ತೊಂದರೆ ಇದೇ ಇರಬೇಕು. ಸಿಟಿಎಕ್ಸ್ ಎಲ್ಲ ಥ್ರೆಡ್‌ಗಳಿಗೂ ಸೇರಿದ್ದು, ಮತ್ತು ಪಾಯಿಂಟರ್ ತೋರಿಸುವ ನಿಮ್ಮ ಸ್ಟ್ರಕ್ಚರ್‌ಗೆ ಲೈಬ್ರರಿ ಯಾವ ಬೀಗವನ್ನೂ ಹಾಕುವುದಿಲ್ಲ. ಓಡುವಾಗ ಅದನ್ನು ತಿದ್ದುತ್ತೀರಾದರೆ ಬೀಗ ನಿಮ್ಮದೇ ಆಗಿರಬೇಕು.

ಪ್ರಶ್ನೆ: ನಮ್ಮ ಹಳೆಯ ಪ್ರೋಗ್ರಾಂ ಆರ್‌ಎಸ್‌ಎ ಕೀಲಿಯ ಆಬ್ಜೆಕ್ಟ್‌ಗೆ, ಕೀಲಿ ಇರುವ ಹಾರ್ಡ್‌ವೇರ್ ಟೋಕನ್‌ನ ಹ್ಯಾಂಡಲ್ ಮತ್ತು ಪಿನ್ ಸಂಖ್ಯೆ ಎರಡನ್ನೂ ಲಗತ್ತಿಸುತ್ತದೆ. 3.0ಕ್ಕೆ ಬದಲಾದಾಗ ಆರ್‌ಎಸ್‌ಎ ಫಂಕ್ಷನ್‌ಗಳಿಗೆಲ್ಲ ಎಚ್ಚರಿಕೆ ಬರುತ್ತಿದೆ. ಏನು ಮಾಡುವುದು? (ಓದುಗರು, ಕೆಜಿಎಫ್)

ಉತ್ತರ: 3.0ರಿಂದ ಆರ್‌ಎಸ್‌ಎ, ಡಿಎಸ್‌ಎ, ಇಸಿ_ಕೀ ಮೊದಲಾದ ಕೆಳಹಂತದ ಆಬ್ಜೆಕ್ಟ್‌ಗಳನ್ನು ನೇರವಾಗಿ ಬಳಸುವುದನ್ನು ಹಳತೆಂದು ಗುರುತಿಸಿದ್ದಾರೆ. ಹಾರ್ಡ್‌ವೇರ್ ಜೋಡಿಸಲು ಹಿಂದೆ ಇದ್ದ ಎಂಜಿನ್ ವ್ಯವಸ್ಥೆಯ ಗತಿಯೂ ಅದೇ, ಅದರ ಜಾಗಕ್ಕೆ ಪ್ರೊವೈಡರ್ ಎಂಬ ವ್ಯವಸ್ಥೆ ಬಂದಿದೆ. ಅದೇ ಆವೃತ್ತಿಯಲ್ಲಿ, ಎಲ್ಲ ಬಗೆಯ ಕೀಲಿಗಳನ್ನೂ ಒಂದೇ ರೀತಿ ಹಿಡಿದಿಡುವ ಇವಿಪಿ_ಪಿಕೀ ಆಬ್ಜೆಕ್ಟ್‌ಗೂ ಇಂಡೆಕ್ಸ್ ಪಡೆಯುವ, ಇಡುವ ಮತ್ತು ತೆಗೆಯುವ ಫಂಕ್ಷನ್‌ಗಳು ಬಂದಿವೆ. ನಿಮ್ಮ ಪ್ರೋಗ್ರಾಂಗೆ ಸೇರಿದ ವಿವರವನ್ನು ಅಲ್ಲಿಗೆ ಸಾಗಿಸಿ. ಒಂದೇ ಇವಿಪಿ_ಪಿಕೀಯನ್ನು ರೆಫರೆನ್ಸ್ ಏರಿಸಿ ಹಲವು ಸಿಟಿಎಕ್ಸ್‌ಗಳು ಹಂಚಿಕೊಳ್ಳುತ್ತವೆ ಎಂಬುದು ನೆನಪಿರಲಿ: ಕೀಲಿಗೆ ಸೇರಿದ್ದನ್ನು ಮಾತ್ರ ಅದಕ್ಕೆ ಲಗತ್ತಿಸಬೇಕು, ಈ ಸಂಪರ್ಕಕ್ಕೆ ಅಥವಾ ಈ ಬಳಕೆದಾರರಿಗೆ ಸೇರಿದ್ದನ್ನಲ್ಲ. ಹಲವು ಕಡೆ ಹಂಚಿಹೋಗುವ ಎಕ್ಸ್509 ಸರ್ಟಿಫಿಕೇಟ್‌ಗೂ ಇದೇ ಮಾತು ಅನ್ವಯಿಸುತ್ತದೆ.

ಟೋಕನ್‌ನ ಹ್ಯಾಂಡಲ್ ಇಡುವುದಕ್ಕೆ ನನ್ನ ಆಕ್ಷೇಪಣೆ ಇಲ್ಲ. ಪಿನ್ ಇಡುವುದಕ್ಕೆ ಇದೆ. ಹೆಚ್ಚುವರಿ ಮಾಹಿತಿಯ ಜಾಗ ಗುಟ್ಟಿನ ಪೆಟ್ಟಿಗೆಯಲ್ಲ. ನಿಮ್ಮ ಪಾಯಿಂಟರ್‌ನ ಹಿಂದೆ ಏನಿದೆಯೆಂದು ಲೈಬ್ರರಿಗೆ ತಿಳಿಯದಾದ್ದರಿಂದ ಅದನ್ನು ಅಳಿಸುವ ಕೆಲಸವನ್ನೂ ಅದು ಮಾಡುವುದಿಲ್ಲ, ಮತ್ತು ಕೀಲಿಯ ಆಬ್ಜೆಕ್ಟ್ ಪ್ರೋಗ್ರಾಂ ಓಡುವಷ್ಟು ಕಾಲವೂ ಬದುಕಿರುತ್ತದೆ. ಟೋಕನ್‌ಗೆ ಒಮ್ಮೆ ಲಾಗಿನ್ ಆದ ಮೇಲೆ ಪಿನ್ ಬೇಡವಾದರೆ ಅಲ್ಲೇ ಓಪನ್‌ಎಸ್‌ಎಸ್‌ಎಲ್_ಕ್ಲೆನ್ಸ್ ಕರೆದು ಅಳಿಸಿಬಿಡಿ. ಬರೇ ಮೆಮ್‌ಸೆಟ್ ಬೇಡ, ಆ ಮೆಮೊರಿಯನ್ನು ಮುಂದೆ ಯಾರೂ ಓದುವುದಿಲ್ಲವೆಂದು ಕಂಡುಕೊಂಡ ಕಂಪೈಲರ್ ಅದನ್ನು ತೆಗೆದುಹಾಕಲು ಸಾಧ್ಯವಿದೆ. ಮತ್ತೆ ಲಾಗಿನ್ ಬೇಕಾಗುವುದರಿಂದ ಪಿನ್ ಇರಲೇಬೇಕು ಎನ್ನುವುದಾದರೆ ಬಿಡುಗಡೆಯ ಫಂಕ್ಷನ್ ಕಡ್ಡಾಯವಾಗಿ ಕೊಟ್ಟು, ಅದರೊಳಗೆ ಓಪನ್‌ಎಸ್‌ಎಸ್‌ಎಲ್_ಕ್ಲಿಯರ್_ಫ್ರೀಗೆ ಪೂರ್ತಿ ಉದ್ದವನ್ನು ಹೇಳಿ ಬಿಡುಗಡೆ ಮಾಡಿ. ಆದರೆ ಹಾಗೆ ಬಿಡುಗಡೆ ಮಾಡುವ ಮೆಮೊರಿಯನ್ನು ಓಪನ್‌ಎಸ್‌ಎಸ್‌ಎಲ್_ಮ್ಯಾಲಾಕ್‌ನಿಂದಲೇ ಪಡೆದಿರಬೇಕು. ನೀವು ಕಳುಹಿಸಿದ ಕೋಡಿನಲ್ಲಿ ಅದು ಸಾದಾ ಮ್ಯಾಲಾಕ್‌ನಿಂದ ಬಂದಿದೆ, ಮೊದಲು ಆ ಸಾಲನ್ನು ತಿದ್ದಿಕೊಳ್ಳಿ.